ಅರವತ್ತಮೂರರ ಅಂಗಿ

ಹಾರ್ಡವೇ ಕಾಲೇಜು,
೧೨ ಸೆಪ್ಟೆಂಬರ್ ೧೯೪೩

ಅಪ್ಪಾ,

ನನಗೆ ಒಂದು ಕಿವಿ ಕೇಳಿಸುವುದಿಲ್ಲ. ನಾಲ್ಕು ವರ್ಷದಿಂದ ಇದನ್ನು ನಿಮ್ಮಿಂದಲೂ ಅಮ್ಮನಿಂದಲೂ ಮುಚ್ಚಿಟ್ಟಿದ್ದೆ. ಊಟದ ಮೇಜಿನಲ್ಲಿ ಜಾಗ ಬದಲಾಯಿಸಿ ಕೂರುತ್ತಿದ್ದದ್ದು, ಚರ್ಚಿನಲ್ಲಿ ಬೆಂಚಿನ ತುದಿಯೇ ಬೇಕೆಂದು ಹಟ ಮಾಡುತ್ತಿದ್ದದ್ದು, ಎಲ್ಲ ಅದಕ್ಕೇ. ಸೈನ್ಯದವರು ನನ್ನನ್ನು ಬೇಡವೆಂದದ್ದೂ ಅದಕ್ಕೇ. ಆಗಸ್ಟಿನಲ್ಲಿ ತಪಾಸಣೆಯಿಂದ ಮರಳಿದಾಗ ಏನಾಯಿತೆಂದು ಕೇಳಿದಿರಿ. ನಾನು ಬಾಯಿ ಬಿಡಲಿಲ್ಲ. ಆದೇಶ ಇನ್ನೂ ಬರಬೇಕು ಎಂದು ನೀವೇ ಅಂದುಕೊಂಡಿರಿ, ಊರಿಗೂ ಹಾಗೆಯೇ ಹೇಳಿದಿರಿ. ಅದು ನನಗೆ ಮುಳ್ಳಿನಂತೆ ಚುಚ್ಚುತ್ತಿದೆ. ಆದೇಶ ಬರುವುದಿಲ್ಲ.

ವೈದ್ಯರು ದೀಪ ಹಿಡಿದು ನೋಡಿ, "ಕಿವಿ ತಮಟೆ ಹರಿದಿದೆಯಲ್ಲಪ್ಪಾ, ಹೇಗಾಯ್ತು?" ಎಂದರು.

"ಹೇಳಲ್ಲ ಸರ್."

"ಹುಟ್ಟಿದಾಗಿಂದ್ಲೇನಾ?"

"ಅಲ್ಲ ಸರ್."

"ಮತ್ತೆ?"

"ಹೇಳಲ್ಲ ಅಂದ್ನಲ್ಲ ಸರ್."

ಕಾರಣ ತಿಳಿಯದು ಎಂದು ಬರೆದುಕೊಂಡು ಮುಂದಿನವನನ್ನು ಕರೆದರು.

ಇಲ್ಲಿ ದಿನ ಕಳೆಯುತ್ತಿದೆ. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನನ್ನು ಕಾಲೇಜಿಗೆ ಕರೆದುಕೊಳ್ಳುವ ಕಾಲ ಬಂದಿದೆ ನೋಡಿ. ಗಟ್ಟಿ ಮೈಯವರೆಲ್ಲ ಯುದ್ಧಕ್ಕೆ ಹೋದ ಮೇಲೆ ಕೋಚ್ ಬ್ಯಾಸ್ ಅವರು ಗಿರಣಿಗಳ ಮೈದಾನಗಳಲ್ಲಿ ಹುಡುಗರನ್ನು ಹುಡುಕಿಕೊಂಡು ತಿರುಗಿದರಂತೆ. ಉಳಿದ ಪಾಠಗಳನ್ನು ಸಂಜೆ ಓದಿ ಜನವರಿಯೊಳಗೆ ಪಾಸಾಗಬೇಕೆಂಬ ಷರತ್ತಿನ ಮೇಲೆ ನನ್ನನ್ನು ಇಟ್ಟುಕೊಂಡಿದ್ದಾರೆ. ಅರ್ಧ ತಂಡ ಮರೀನ್ ಪಡೆಯ ತರಬೇತಿಯಲ್ಲಿರುವ ಹುಡುಗರದು. ಬೆಳಿಗ್ಗೆ ಸಮವಸ್ತ್ರದಲ್ಲಿ ಕವಾಯತು, ಮಧ್ಯಾಹ್ನ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ. ಅವರಲ್ಲಿ ಬೆಟ್ಟದ ಕಡೆಯ ವರ್ಲಿನ್ ಟೀಗ್ ಎಂಬುವನು ಎಡಬದಿಯ ಗಾರ್ಡ್. ನಾನು ಅವನ ಬದಲಿ, ಅಂದರೆ ಕಂಬಳಿ ಹೊದ್ದು ಬೆಂಚಿನ ಮೇಲೆ ಕೂರುವವನು.

ಅವನು ಮೂರನೇ ದಿನವೇ ಕಂಡುಹಿಡಿದ. "ಲೇ ಲೆಡ್‌ಫರ್ಡ್, ನೀನೇನು ಕಿವುಡನೋ, ಇಲ್ಲಾ ಸೊಕ್ಕೋ?"

"ಅರ್ಧ ಕಿವುಡ."

"ಸರಿ ಬಿಡು. ಹಾಗಾದ್ರೆ ಇನ್ನರ್ಧ ಸೊಕ್ಕು."

ಅಂದಿನಿಂದ ಊಟಕ್ಕೆ ನನಗೆ ಕೇಳಿಸುವ ಬದಿಯಲ್ಲೇ ಕೂರುತ್ತಾನೆ. ಆಟ ಶುರುವಾಗುವಾಗ ಹಿಂದೆ ನಿಂತವನು ಎಣಿಕೆ ಕೂಗುತ್ತಾನೆ, ಆ ಎಣಿಕೆಗೆ ನಾವೆಲ್ಲ ಒಟ್ಟಿಗೆ ನುಗ್ಗಬೇಕು. ನನಗೆ ಅದು ಕೇಳಿಸದೆ ತಡವಾಗುತ್ತಿತ್ತು. "ಕಿವಿ ಬಿಡೋ. ಚೆಂಡಿನ ಮೇಲಿರೋ ಕೈ ನೋಡು. ಕೈ ಅಲ್ಲಾಡಿತಾ, ನುಗ್ಗು," ಎಂದು ಹೇಳಿಕೊಟ್ಟ. ಈಗ ಎಲ್ಲರಿಗಿಂತ ಮೊದಲು ನಾನೇ ಏಳುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗ,
ಓರನ್


ಬ್ರಾಡ್ ಶೋಲ್ಸ್,
೨೬ ಸೆಪ್ಟೆಂಬರ್ ೧೯೪೩

ಓರನ್,

ನಿನ್ನ ಪತ್ರ ಬಂತು. ಅಮ್ಮನಿಗೆ ಓದಿ ಹೇಳಿದೆ, ಸ್ವಲ್ಪ ಬಿಟ್ಟು.

ಇಲ್ಲಿ ಭಾನುವಾರವೂ ಪಾಳಿ ಹಾಕಿದ್ದಾರೆ. ಡೇರೆ ಬಟ್ಟೆ, ಡೇರೆ ಬಟ್ಟೆ, ಅದೊಂದೇ. ದಾರ ಒರಟು, ಮಗ್ಗಗಳು ಹಳೆಯವು, ರಿಪೇರಿ ಮಾಡುವವರಲ್ಲಿ ನಾನೂ ಮತ್ತಿಬ್ಬರು ಮುದುಕರೂ ಉಳಿದಿದ್ದೇವೆ. ಮನೆಗೆ ಬಂದರೆ ಬೂಟು ಬಿಚ್ಚುವಷ್ಟರಲ್ಲಿ ನಿದ್ದೆ. ಸಕ್ಕರೆ ಚೀಟಿ ಮುಗಿದಿದೆ. ಅಮ್ಮ ಜೋಳದ ಬೆಲ್ಲ ಹಾಕಿ ಶುಂಠಿ ಕೇಕು ಮಾಡಿದ್ದಾಳೆ, ಡಬ್ಬಿ ಕಳಿಸುತ್ತೇವೆ.

ಬರ್ಲ್ ಕಾಗ್ಡಿಲ್ ನಿನ್ನೆ ಗಿರಣಿ ಗೇಟಿನ ಹತ್ತಿರ ನನ್ನನ್ನು ಹಿಡಿದುಕೊಂಡ. "ಹೋರಿಯಂಥ ಹುಡುಗ ನಿಂಗಿದಾನೆ. ನನ್ನ ಹುಡುಗ್ರಿಬ್ರೂ ಇಟಲೀಲಿ ಗುಂಡಿ ತೋಡ್ತಿದಾರೆ, ನಿನ್ನೋನು ಚೆಂಡಾಟ ಆಡ್ತಾನಾ?" ಅಂದ. ಆದೇಶ ಇನ್ನೂ ಬಂದಿಲ್ಲ ಎಂದೆ. ಅವನು ಕೆಟ್ಟವನಲ್ಲ. ಅವನ ದೊಡ್ಡ ಮಗನಿಂದ ಪತ್ರ ಬಂದು ಬಹಳ ದಿನವಾಯಿತು.

ಪಾಠ ಬಿಡಬೇಡ.

ಹೋಯ್ಟ್ ಲೆಡ್‌ಫರ್ಡ್


ಹಾರ್ಡವೇ ಕಾಲೇಜು,
೩ ನವೆಂಬರ್ ೧೯೪೩

ಅಪ್ಪಾ,

ಕೇಕು ಬಂದಿತ್ತು, ವರ್ಲಿನ್ ಮುಕ್ಕಾಲು ತಿಂದ.

ಅವನು ಹೋದ. ಮರೀನ್ ಹುಡುಗರೆಲ್ಲ ಸೋಮವಾರ ಪ್ಯಾರಿಸ್ ಐಲೆಂಡಿನ ಸೈನಿಕ ಶಿಬಿರಕ್ಕೆ ಹೊರಡಬೇಕೆಂದು ಶುಕ್ರವಾರ ಆದೇಶ ಬಂತು. ಆಟದ ಋತು ಇನ್ನೂ ಮುಗಿದಿಲ್ಲ, ಮೂರು ಆಟ ಬಾಕಿ. ಯುದ್ಧಕ್ಕೆ ಅದೆಲ್ಲ ಯಾಕೆ? ಶನಿವಾರದ ಆಟವನ್ನು ಚೀಲ ಕಟ್ಟಿಟ್ಟೇ ಆಡಿದರು. ವರ್ಲಿನ್ ಈ ಆರು ಆಟಗಳಲ್ಲಿ ಆಡಿದ್ದನ್ನು ನೀವು ನೋಡಬೇಕಿತ್ತು. ಪತ್ರಿಕೆಯವರು ಅವನನ್ನು ದಕ್ಷಿಣದ ಹನ್ನೊಂದಕ್ಕೆ ಸೇರಿಸುತ್ತಾರೆ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ದಕ್ಷಿಣದ ರಾಜ್ಯಗಳ ಅಷ್ಟೂ ಕಾಲೇಜುಗಳಿಂದ ಹನ್ನೊಂದೇ ಹುಡುಗರನ್ನು ಆರಿಸಿ ಡಿಸೆಂಬರಿನಲ್ಲಿ ಅಚ್ಚು ಹಾಕುತ್ತಾರೆ. ಹಿಂದೆ ಚಿನ್ನದ ನೀರು ಕೊಟ್ಟ ಪುಟ್ಟ ಚೆಂಡೊಂದನ್ನೂ ಕೊಡುತ್ತಿದ್ದರಂತೆ. ಈ ವರ್ಷ ಲೋಹವೆಲ್ಲ ಮದ್ದುಗುಂಡಿಗೆ ಹೋಗಿರುವುದರಿಂದ ಬರೀ ಪ್ರಶಸ್ತಿ ಪತ್ರ.

ಈಗ ಅವನ ಜಾಗದಲ್ಲಿ ನಾನು. ಹೊಸ ಅಂಗಿಗೆ ಬಟ್ಟೆಯಿಲ್ಲ, ನೀವು ನೇಯುತ್ತಿರುವುದೆಲ್ಲ ಡೇರೆಯಾಗುತ್ತಿದೆಯಲ್ಲ. ಕೋಚ್ ಬೆನ್ನಿನ ಮೇಲೆ ಅರವತ್ತಮೂರು ಎಂದಿದ್ದ ಅವನ ಅಂಗಿಯನ್ನೇ ನನ್ನತ್ತ ಎಸೆದು, "ಒಗ್ಸೋಕೆ ಹೊತ್ತಿಲ್ಲ, ಹಾಕ್ಕೋ," ಎಂದರು. ಕೆಸರು ಒಣಗಿ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಆಟದ ದಿನ ಮಾರುವ ಹಾಳೆಯಲ್ಲೂ ಇನ್ನು ಅರವತ್ತಮೂರರ ಮುಂದೆ ನನ್ನ ಹೆಸರು.

ಸ್ಟೇಷನ್ನಿಗೆ ಹೋಗಿದ್ದೆ. ರೈಲು ಹೊರಟ ಮೇಲೆ ವರ್ಲಿನ್ ಕಿಟಕಿಯಿಂದ ಏನೋ ಕೂಗಿದ. ಕೇಳಿಸಲಿಲ್ಲ. ಸುಮ್ಮನೆ ಕೈ ಎತ್ತಿದೆ.

ನಿಮ್ಮ ಮಗ,
ಓರನ್


ಬ್ರಾಡ್ ಶೋಲ್ಸ್,
೪ ಡಿಸೆಂಬರ್ ೧೯೪೩

ಓರನ್,

ನಿನ್ನ ಹೆಸರು ಪತ್ರಿಕೆಯಲ್ಲಿ ಬಂದಿದೆ. ನಿನಗೆ ಗೊತ್ತೇ ಇರುತ್ತದೆ. ದಕ್ಷಿಣದ ಹನ್ನೊಂದು, ಎಡ ಗಾರ್ಡ್: ಲೆಡ್‌ಫರ್ಡ್, ಹಾರ್ಡವೇ. ನಾನು ಪಾಳಿ ಮುಗಿಸಿ ಬರುವಾಗ ಕ್ಷೌರದ ಕ್ಲೀಟಸ್ ಸಾಬೂನು ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬೀದಿಗೆ ಓಡಿಬಂದ. "ಹೋಯ್ಟ್! ಬಾರೋ ಇಲ್ಲಿ, ಕಣ್ಣು ಸರಿಯಾಗಿದೆಯಾ? ಓದು ಇದನ್ನ!" ಎಂದ. ಕನ್ನಡಿಯ ಪಕ್ಕ ಹಾಳೆ ಅಂಟಿಸಿದ್ದಾನೆ. ಬರ್ಲ್ ಕಾಗ್ಡಿಲ್ ಕೂಡ ಕೈ ಕುಲುಕಿದ. ಅವನ ದೊಡ್ಡ ಮಗ ಪತ್ತೆಯಿಲ್ಲವೆಂದು ಹಿಂದಿನ ವಾರ ತಂತಿ ಬಂದಿದೆ. ಆದರೂ ಬಂದು ಕೈ ಕುಲುಕಿದ.

ನಿನ್ನೆ ಮೇಸ್ತ್ರಿ ನನ್ನ ಮಗ್ಗದ ಬಳಿ ನಿಂತು ಟೋಪಿ ತೆಗೆದ. ಗಿರಣಿಗೆ ಸೇರಿದಾಗಿನಿಂದ ಅವನು ನನ್ನ ಹತ್ತಿರ ನಿಂತದ್ದು ಬೈಯಲು ಮಾತ್ರ. ಅಮ್ಮ ಮೂರು ಪತ್ರಿಕೆ ಕೊಂಡಳು. ಒಂದನ್ನು ಬೈಬಲ್ಲಿನಲ್ಲಿ ಇಟ್ಟಿದ್ದಾಳೆ.

ನಾನು ಆ ಆಟ ನೋಡಿದವನಲ್ಲ. ಗಾರ್ಡ್ ಎಂದರೆ ಏನು ಮಾಡುತ್ತಾನೆ ಎಂದು ಬರೆ. ಜನ ಕೇಳುತ್ತಾರೆ, ಏನು ಹೇಳಬೇಕೋ ತಿಳಿಯುವುದಿಲ್ಲ.

ಹೋಯ್ಟ್ ಲೆಡ್‌ಫರ್ಡ್


ಹಾರ್ಡವೇ ಕಾಲೇಜು,
೧೩ ಡಿಸೆಂಬರ್ ೧೯೪೩

ಅಪ್ಪಾ,

ಇದನ್ನು ನಾಲ್ಕು ಸಲ ಬರೆದು ಹರಿದೆ.

ಗಾರ್ಡ್ ಎಂದರೆ ಚೆಂಡು ಮುಟ್ಟದವನು. ನಮ್ಮವನು ಚೆಂಡು ಹಿಡಿದು ಓಡುವಾಗ ಎದುರಿನವರನ್ನು ನೂಕಿ ದಾರಿ ಬಿಡಿಸುವುದು, ಅವರು ಓಡುವಾಗ ಕಾಲಿಗೆ ಬಿದ್ದು ಕೆಡವುವುದು, ಅಷ್ಟೇ ಅವನ ಕೆಲಸ. ಮೇಲೆ ಏಳೆಂಟು ಜನ ಬೀಳುತ್ತಾರೆ. ಯಾರು ಕೆಡವಿದರೆಂದು ಮೇಲಿನ ಸಾಲಿನಲ್ಲಿ ಕೂತ ಪತ್ರಿಕೆಯವರಿಗೆ ತಿಳಿಯುವುದಿಲ್ಲ, ಮುಖ ಕಾಣಿಸುವುದಿಲ್ಲ. ರಾಶಿಯಿಂದ ಎದ್ದವನ ಬೆನ್ನಿನ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಅರವತ್ತಮೂರು, ಅರವತ್ತಮೂರು. ಋತು ಮುಗಿದ ಮೇಲೆ ಕೊನೆಯ ಆಟದ ಹಾಳೆ ತೆಗೆದು ಅಂಕಿಯ ಮುಂದೆ ಇರುವ ಹೆಸರು ತುಂಬುತ್ತಾರೆ. ಬೇರೆ ವರ್ಷ ಇದರಿಂದ ತೊಂದರೆಯಿಲ್ಲ. ಈ ವರ್ಷ ಅಂಗಿ ಇಲ್ಲೇ ಉಳಿಯಿತು, ಮನುಷ್ಯ ಬದಲಾದ.

ಇದು ನನ್ನ ಊಹೆಯಲ್ಲ. ಕ್ಲೀಟಸ್ ಅಂಟಿಸಿದ ಹಾಳೆಯನ್ನೇ ಇನ್ನೊಮ್ಮೆ ಓದಿ. 'ಅಕ್ಟೋಬರಿನ ಮಳೆಯ ಆಟದಲ್ಲಿ ಗೋಲಿನ ಗೆರೆಯ ಮೇಲೆ ಬಂಡೆಯಂತೆ ನಿಂತು ಮೂರು ಬಾರಿ ತಡೆದ ಲೆಡ್‌ಫರ್ಡ್' ಎಂದು ಬರೆದಿದ್ದಾರೆ. ಅಕ್ಟೋಬರಿನಲ್ಲಿ ನಾನು ಬೆಂಚಿನಲ್ಲಿದ್ದೆ. ಬಂಡೆಯಂತೆ ನಿಂತವನು ವರ್ಲಿನ್. ನಾನಾಡಿದ ಮೂರು ಆಟಗಳಲ್ಲಿ ಎರಡು ಪರವಾಗಿಲ್ಲ. ಕೊನೆಯದರಲ್ಲಿ ಒಬ್ಬ ದಢೂತಿ ನನ್ನನ್ನು ಹುಲ್ಲಿಗೆ ಒರೆಸಿಬಿಟ್ಟ.

ವರ್ಲಿನ್‌ಗೆ ಬರೆದೆ. ಉತ್ತರ ಬಂದಿದೆ: 'ಇಟ್ಕೊಳ್ಳೋ ಅರೆಗಿವುಡ. ಅಂಗಿ ಕೊಟ್ಟಾಯ್ತು, ಬೆವರು ವಾಪಸ್ ಕೊಡು ಅಂತೀನಾ? ಇಲ್ಲಿ ನನ್ನನ್ನು ಕರೆಯುವ ಹೆಸರು ಕಾಗದದಲ್ಲಿ ಬರೆಯುವಂಥದ್ದಲ್ಲ. ಕಾಲು ಬಾತಿದೆ, ನಿದ್ದೆಯಿಲ್ಲ, ಹನ್ನೊಂದೂ ಬೇಡ ಹನ್ನೆರಡೂ ಬೇಡ.' ಕೆಳಗೆ ಬೇರೆ ಪೆನ್ಸಿಲಿನಲ್ಲಿ ಇನ್ನೊಂದು ಮಾತಿದೆ. ತಾನು ಆ ಪಟ್ಟಿಯಲ್ಲಿ ಬರಬಹುದು ಎಂದು ಅವನು ತಾಯಿಗೆ ಮೊದಲೇ ಬರೆದಿದ್ದನಂತೆ. ಆಕೆ ಬೆಟ್ಟ ಇಳಿದು ಅಂಗಡಿಗೆ ಹೋಗಿ ಪತ್ರಿಕೆ ಬಿಡಿಸಿ ನೋಡಿದ್ದಾಳೆ. ಆಮೇಲೆ ಮಗನಿಗೆ, 'ನನ್ನನ್ನು ಮೆಚ್ಚಿಸಲು ಇಲ್ಲದ್ದನ್ನೆಲ್ಲ ಬರೆಯಬೇಡ ಕಂದಾ, ನೀನು ಹೇಗಿದ್ದರೂ ನನಗೆ ಸಾಕು' ಎಂದು ಬರೆದಿದ್ದಾಳೆ.

ಅವನು ಸುಳ್ಳ ಎಂದು ಅವನ ತಾಯಿ ಅಂದುಕೊಂಡಿದ್ದಾಳೆ, ಅಪ್ಪಾ.

ಈ ಪಟ್ಟಿಯನ್ನು ಮಾಡುವ ಪತ್ರಕರ್ತ ಪೆಂಡ್‌ಲ್ಟನ್ ಅವರನ್ನು ನೋಡಲು ಹೋಗುತ್ತೇನೆ. ಮೊದಲು ನಿಮಗೆ ತಿಳಿಸಬೇಕೆನ್ನಿಸಿತು.

ನಿಮ್ಮ ಮಗ,
ಓರನ್


ಬ್ರಾಡ್ ಶೋಲ್ಸ್,
೧೬ ಡಿಸೆಂಬರ್ ೧೯೪೩

ಓರನ್,

ಹೋಗಬೇಡ.

ಮೂರು ಆಟ ನೀನೂ ಆಡಿದ್ದೀಯ. ಆ ಹುಡುಗನೇ ಇಟ್ಟುಕೋ ಎಂದಿದ್ದಾನೆ. ನೀನು ಕದ್ದಿಲ್ಲ, ಕೇಳಿಲ್ಲ, ಅವರೇ ಕೊಟ್ಟದ್ದು. ನಿನ್ನ ವಯಸ್ಸಿನಲ್ಲಿ ನನಗೆ ಯಾರೂ ತಪ್ಪಿಯೂ ಏನನ್ನೂ ಕೊಟ್ಟಿರಲಿಲ್ಲ. ಆ ಹೆಸರಿನ ಬಲದಿಂದ ಕಾಲೇಜು ನಿನ್ನನ್ನು ಉಳಿಸಿಕೊಳ್ಳುತ್ತದೆ. ಇಲ್ಲದಿದ್ದರೆ ನೀನು ಎಲ್ಲಿಗೆ ಬರುತ್ತೀಯ? ಇಲ್ಲಿಗೇ ತಾನೆ? ಈ ಹತ್ತಿಯ ಧೂಳಿಗೆ? ನಾನು ಕೆಮ್ಮುವುದನ್ನು ನೋಡಿದ್ದೀಯ.

ಇನ್ನೊಂದು. ಅಮ್ಮ ನಿನ್ನ ಮೊದಲ ಪತ್ರವನ್ನು ಹುಡುಕಿ ತಾನೇ ಓದಿಕೊಂಡಳು. ಯಾವ ಕಿವಿ ಎಂದು ಕೇಳಿದಳು. ಎಡಗಿವಿ ಎಂದೆ. "ಅವನು ಬರೆದಿಲ್ಲವಲ್ಲ, ನಿಮಗೆ ಹೇಗೆ ಗೊತ್ತು?" ಎಂದಳು. ನನ್ನದು ಬಲಗೈ. ನೀನು ಶಾಲೆ ಬಿಟ್ಟೆ ಎಂದು ಬಂದು ಎದುರಿಗೆ ನಿಂತ ದಿನ ಅವಳು ಮನೆಯಲ್ಲಿರಲಿಲ್ಲ. ಅವಳು ಕೇಳಿದ್ದಕ್ಕೆ ಬೂಟು ಹಾಕಿಕೊಂಡು ಪಾಳಿಗೆ ಹೊರಟೆ. ಆಮೇಲೆ ಅವಳು ಮತ್ತೆ ಕೇಳಲಿಲ್ಲ.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆ ಹೆಸರು ನಿನಗಿರಲಿ.

ಹೋಯ್ಟ್ ಲೆಡ್‌ಫರ್ಡ್


ಹಾರ್ಡವೇ ಕಾಲೇಜು,
೨೦ ಡಿಸೆಂಬರ್ ೧೯೪೩

ಅಪ್ಪಾ,

ಹೋಗಿ ಬಂದೆ. ಸಿಟ್ಟಾಗಬೇಡಿ, ಆದರೂ ಸರಿ.

ಪತ್ರಿಕೆಯ ಕಚೇರಿಯಲ್ಲಿ ಮೇಜುಗಳೆಲ್ಲ ಖಾಲಿ, ಹುಡುಗರು ಯುದ್ಧದಲ್ಲಿದ್ದಾರೆ. ಪೆಂಡ್‌ಲ್ಟನ್ ಒಬ್ಬರೇ ಕೋಟು ಹೊದ್ದು ಟೈಪು ಮಾಡುತ್ತಿದ್ದರು. ಹೆಸರು ಹೇಳಿದೆ.

"ಓಹೋ, ನಮ್ಮ ಬಂಡೆ! ಏನಪ್ಪಾ, ಹೆಸರು ತಪ್ಪಾಗಿ ಅಚ್ಚಾಯ್ತಾ?"

"ಹೆಸರು ಸರಿಯಾಗೇ ಇದೆ ಸರ್. ಮನುಷ್ಯ ತಪ್ಪು."

ಎಲ್ಲ ಹೇಳಿದೆ. ಅವರು ಖಾನೆ ಎಳೆದು ತಮ್ಮ ಹಾಳೆಗಳನ್ನು ಒಂದೊಂದಾಗಿ ನೋಡಿದರು.

"ಎಷ್ಟೋ ವರ್ಷದಿಂದ ಈ ಪಟ್ಟಿ ಮಾಡ್ತಿದೀನಿ," ಎಂದರು. "ನನ್ನನ್ನ ಯಾಕೆ ಹಾಕಿಲ್ಲ ಅಂತ ಹೊಡೆಯೋಕೆ ಬಂದವರಿದಾರೆ. ಅಮ್ಮಂದಿರು ಬಂದು ಅತ್ತಿದಾರೆ. ತೆಗೀರಿ ಅಂತ ಬಂದೋನು ನೀನೇ ಮೊದಲು. ಅವನು ನಿನಗಿಂತ ಎಷ್ಟು ಚೆನ್ನಾಗಿ ಆಡ್ತಿದ್ದ?"

"ಅವನು ಆಡುವಾಗ ನಾನು ಕಂಬಳಿ ಹೊದ್ದು ಕೂತಿದ್ದೆ ಸರ್. ಅಷ್ಟು."

"ಪಟ್ಟಿ ಊರೂರಿಗೆ ತಂತೀಲಿ ಹೋಗಿಯಾಯ್ತು ಕಣಯ್ಯಾ. ಕಾಗದ ಅರ್ಧಕ್ಕೆ ಇಳಿಸಿದಾರೆ. ಹಂದಿ ಧಾರಣೆ ಕೆಳಗೆ ಎರಡು ಸಾಲು ಕೊಡಬಲ್ಲೆ, ಅದಕ್ಕಿಂತ ಹೆಚ್ಚಿಲ್ಲ."

"ಸಾಕು ಸರ್. ಪೂರ್ತಿ ಹೆಸರು ಹಾಕಿ. ವರ್ಲಿನ್ ಟೀಗ್."

"ನಿಮ್ಮಪ್ಪನಿಗೆ ಗೊತ್ತಾ?"

"ಗೊತ್ತು. ಬೇಡ ಅಂದ್ರು."

ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅವರಿಗೂ ನಿದ್ದೆ ಸಾಲದು ಎಂದು ಕಾಣುತ್ತದೆ. ಮಾತು ಕೊಟ್ಟಂತೆ ಮಾರನೇ ದಿನ ಎರಡು ಸಾಲು ಬಂತು. ಆ ತುಂಡನ್ನು ಕತ್ತರಿಸಿ ವರ್ಲಿನ್‌ನ ತಾಯಿಗೆ ಕಳಿಸಿದೆ.

ಕೋಚ್ ನನ್ನನ್ನು ಕರೆಸಿದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಲೇ ಹುಡ್ಗಾ, ಡೀನ್ ಕಣ್ಣು ಮುಚ್ಕೊಂಡಿದ್ದಿದ್ದೇ ಆ ಹೆಸರಿನಿಂದ. ಬೀಜಗಣಿತದಲ್ಲಿ ನಪಾಸಾಗಿದೀಯ. ಇನ್ನು ಏನಂತ ಹೇಳಿ ಇಟ್ಕೊಳ್ಳಲಿ ನಿನ್ನ?" ಎಂದರು. "ಇಟ್ಕೋಬೇಡಿ ಸರ್," ಎಂದೆ. ಹೊಸ ವರ್ಷಕ್ಕೆ ಮುಂಚೆ ಹಾಸಿಗೆ ಖಾಲಿ ಮಾಡಬೇಕು. ಕೈ ಕುಲುಕಿ ಕಳಿಸಿದರು.

ಕ್ಷೌರದ ಅಂಗಡಿಯಲ್ಲಿ ನಿಮಗೆ ತಲೆ ತಗ್ಗಿಸುವಂತೆ ಮಾಡಿದ್ದೇನೆ. ಅದು ಗೊತ್ತಿದ್ದೇ ಮಾಡಿದ್ದು. ಕ್ರಿಸ್‌ಮಸ್‌ಗೆ ಬರುವುದಿಲ್ಲ, ರೈಲಿನಲ್ಲಿ ಸೈನಿಕರಿಗೇ ಜಾಗವಿಲ್ಲ.

ನಿಮ್ಮ ಮಗ,
ಓರನ್


ಬ್ರಾಡ್ ಶೋಲ್ಸ್,
೨೪ ಡಿಸೆಂಬರ್ ೧೯೪೩

ಓರನ್,

ಹಾಳೆಯನ್ನು ನಾನೇ ಕಿತ್ತೆ. ಕ್ಲೀಟಸ್ ಬೇಡವೆಂದ, "ಇರಲಿ ಬಿಡೋ, ಹಂದಿ ಧಾರಣೆ ಯಾರು ಓದ್ತಾರೆ?" ಎಂದ. ಕಿತ್ತೆ.

ಬರ್ಲ್ ಕುರ್ಚಿಯಲ್ಲಿದ್ದ. "ಯುದ್ಧಕ್ಕೂ ಹೋಗ್ಲಿಲ್ಲ, ಬಂದ ಹೆಸರನ್ನೂ ಬಿಟ್ಕೊಟ್ಟ. ಎಂಥ ಹುಡುಗನಪ್ಪಾ ನಿನ್ನೋನು?" ಎಂದ. ತಮಾಷೆಗೆ ಹೇಳಿದನೋ, ನೋವಿನಿಂದ ಹೇಳಿದನೋ ಗೊತ್ತಾಗಲಿಲ್ಲ. ಅವನ ದೊಡ್ಡವನು ಇನ್ನೂ ಪತ್ತೆಯಿಲ್ಲ. ನಾನು ಹೇಳಿಬಿಟ್ಟೆ. ಆದೇಶ ಬರುವುದು ಸುಳ್ಳು, ಅವನಿಗೆ ಎಡಗಿವಿ ಕೇಳಿಸುವುದಿಲ್ಲ, ಅದು ನಾನು ಹೊಡೆದದ್ದು ಎಂದೆ. ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಕ್ಲೀಟಸ್‌ನ ಕತ್ತರಿ ನಿಂತಿತು. ಬರ್ಲ್ ಕನ್ನಡಿಯಲ್ಲೇ ನನ್ನನ್ನು ನೋಡಿ, "ನಾನೂ ಹೊಡೀತಿದ್ದೆ ನನ್ನೋನಿಗೆ," ಎಂದ. ನಾನು ಕ್ಷೌರ ಮಾಡಿಸಿಕೊಳ್ಳದೆ ಬಂದೆ.

ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಅವಳು ಬಟಾಣಿ ಸುಲಿಯುತ್ತಿದ್ದಳು, ಸುಲಿಯುತ್ತಲೇ ಇದ್ದಳು. ಎರಡು ದಿನದಿಂದ ನನಗೆ ಊಟ ಬಡಿಸುತ್ತಾಳೆ, ಮಾತಾಡುವುದಿಲ್ಲ.

ಮೇಸ್ತ್ರಿಯನ್ನು ಕೇಳಿದ್ದೇನೆ. ನೇಯ್ಗೆ ಕೋಣೆಯಲ್ಲಿ ಜಾಗವಿದೆ. ಅಲ್ಲಿಯ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ, ನಾವೆಲ್ಲ ತುಟಿ ನೋಡಿಯೇ ಮಾತಾಡುವವರು. ನನಗೆ ನಿನ್ನನ್ನು ಅಲ್ಲಿ ನೋಡುವ ಆಸೆಯಿಲ್ಲ. ಆದರೂ ಜಾಗವಿದೆ ಎಂದು ತಿಳಿಸುತ್ತಿದ್ದೇನೆ.

ಅಪ್ಪ


ಹಾರ್ಡವೇ,
೨೯ ಡಿಸೆಂಬರ್ ೧೯೪೩

ಅಪ್ಪಾ,

ನಿಮ್ಮ ಪತ್ರ ಬಂತು. ಮೂರು ಸಲ ಓದಿದೆ. ಅಂಗಡಿಯಲ್ಲಿ ಅಷ್ಟು ಜನರ ಮುಂದೆ ಹೇಳಬೇಕಿರಲಿಲ್ಲ. ಹೇಳಿದಿರಿ. ಅದರ ಬಗ್ಗೆ ಏನು ಬರೆಯಬೇಕೋ ನನಗೂ ಗೊತ್ತಾಗುತ್ತಿಲ್ಲ, ಎದುರಿಗೆ ಸಿಕ್ಕಾಗ ನೋಡೋಣ. ಅಮ್ಮನಿಗೆ ಹೇಳಿ, ನೋವಿಲ್ಲ ಅಂತ. ಮೊದಮೊದಲು ಇತ್ತು, ಈಗಿಲ್ಲ. ಅವಳು ನಿಮ್ಮ ಹತ್ತಿರ ಮಾತಾಡಲಿ.

ವರ್ಲಿನ್‌ನ ತಾಯಿಯಿಂದ ಒಂದು ಕಾರ್ಡು ಬಂದಿದೆ. ಪಟ್ಟಿಯ ಬಗ್ಗೆ ಒಂದು ಸಾಲು, ಥ್ಯಾಂಕ್ಸ್ ಎಂದು. ಉಳಿದದ್ದೆಲ್ಲ ಅವನು ಸರಿಯಾಗಿ ಊಟ ಮಾಡುತ್ತಿದ್ದನಾ, ಕಾಲುಚೀಲ ಎಷ್ಟು ಜೊತೆ ಇದ್ದವು, ಮುಂದೆ ಎಲ್ಲಿಗೆ ಕಳಿಸುತ್ತಾರೆಂದು ಗೊತ್ತಾ ಎಂದು. ಗೊತ್ತಿರುವುದನ್ನು ಬರೆದೆ. ಎಲ್ಲಿಗೆ ಕಳಿಸುತ್ತಾರೆಂಬುದು ನನಗೆ ಗೊತ್ತಿಲ್ಲ.

ನೇಯ್ಗೆ ಕೋಣೆಗೆ ಬರುವುದಿಲ್ಲ. ನೀವು ನನಗಾಗಿ ಮೇಸ್ತ್ರಿಯನ್ನು ಕೇಳಿದ್ದು ದೊಡ್ಡದು, ಆದರೆ ಬರುವುದಿಲ್ಲ. ವಿಲ್ಮಿಂಗ್ಟನ್ನಿನಲ್ಲಿ ಹಡಗು ಕಟ್ಟುವಲ್ಲಿಗೆ ಜನ ಬೇಕಂತೆ. ಅಲ್ಲಿ ಹೈಸ್ಕೂಲಿನ ಕಾಗದವನ್ನೂ ಕೇಳುವುದಿಲ್ಲ, ಕಿವಿಯನ್ನೂ ನೋಡುವುದಿಲ್ಲ. ಎಷ್ಟು ದಿನ ಇರುತ್ತೇನೋ ಹೇಳಲಾರೆ, ಒಂದು ಕಡೆ ನಿಲ್ಲದ ನನ್ನ ಕಾಲು ನಿಮಗೆ ಗೊತ್ತೇ ಇದೆ. ವಿಳಾಸ ಸಿಕ್ಕ ಮೇಲೆ ಬರೆಯುತ್ತೇನೆ.

ಹಾಸಿಗೆ ಸುತ್ತಿಟ್ಟೆ. ಕೋಚ್‌ಗೆ ಅಂಗಿ ಒಗೆದು ಕೊಟ್ಟೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.

ನಿಮ್ಮ
ಓರನ್